ಕೆಂಪು ಹೂ, ಹಸಿರು ಎಲೆ, ಒಂದೇ ಬೂದು: ಮನೆ ಪಕ್ಕದ ಗಿಡಗಳ ಕಪ್ಪುಬಿಳುಪು ಫೋಟೋ

ಮನೆ ಸುತ್ತಲಿನ ಗಿಡಗಳನ್ನು ಹತ್ತಿರದಿಂದ ಕಪ್ಪುಬಿಳುಪಿನಲ್ಲಿ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಮರೆಯುವ ಮೊದಲೇ ಬರೆದಿಡೋಣ ಅಂತ ಈ ಟಿಪ್ಪಣಿ. ಫೋಕಸ್, ಅಪರ್ಚರ್ ಎಲ್ಲ ನಿಮಗೆ ಗೊತ್ತು ಅಂದುಕೊಂಡಿದ್ದೇನೆ.

ಸೆಟ್ಟಿಂಗ್ ಸುಲಭ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್) ತೆಗೆಯಿರಿ, ಪಿಕ್ಚರ್ ಸ್ಟೈಲ್ ಮಾತ್ರ ಮೊನೋಕ್ರೋಮ್‌ಗೆ ಇಡಿ. ಪರದೆಯಲ್ಲಿ ಕಪ್ಪುಬಿಳುಪು ಕಾಣುತ್ತದೆ, ಫೈಲ್‌ನಲ್ಲಿ ಬಣ್ಣ ಹಾಗೇ ಉಳಿದಿರುತ್ತದೆ. ಬರೀ ಮೊನೋಕ್ರೋಮ್ ಜೆಪೆಗ್ ಇಟ್ಟುಕೊಂಡರೆ ಬಣ್ಣ ಹೋದಂತೆಯೇ. ಮುಂದಿನ ಕೆಲಸವೆಲ್ಲ ನಡೆಯುವುದು ಆ ಬಣ್ಣದ ಮೇಲೆ.

ಹೂ ಎಲ್ಲಿ ಮಾಯವಾಗುತ್ತದೆ?

ಕೆಂಪು ದಾಸವಾಳ, ಹಿಂದೆ ಕಡುಹಸಿರು ಎಲೆ. ಕಣ್ಣಿಗೆ ಹೂ ಎದ್ದು ಕಾಣುತ್ತದೆ. ಕಪ್ಪುಬಿಳುಪಿಗೆ ತಂದ ಕೂಡಲೇ ಹೂವೂ ಎಲೆಯೂ ಕಲಸಿಹೋಗುತ್ತವೆ. ಕಾಂಟ್ರಾಸ್ಟ್ ಎಷ್ಟೇ ಏರಿಸಿದರೂ ಬೇರೆಯಾಗುವುದಿಲ್ಲ. ಯಾಕೆ ಅನ್ನುವುದು ಲೆಕ್ಕ ಹಾಕಿದ ಮೇಲೆಯೇ ನನ್ನ ತಲೆಗೆ ಹೋಗಿದ್ದು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಚಿತ್ರದ ಪ್ರತಿ ಚುಕ್ಕೆಗೂ ಮೂರು ಅಂಕಿ: ಕೆಂಪು, ಹಸಿರು, ನೀಲಿ. ಒಂದೊಂದೂ 0ಯಿಂದ 255ರವರೆಗೆ. ಅದನ್ನು ಬೂದು ಮಾಡುವ ತುಂಬ ಬಳಕೆಯ ಸೂತ್ರವೊಂದರಲ್ಲಿ ಕೆಂಪಿನ ಪಾಲು 0.299, ಹಸಿರಿನದು 0.587, ನೀಲಿಯದು 0.114. ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳಕಾಗಿ ಕಾಣುವುದರಿಂದ ಅದಕ್ಕೆ ದೊಡ್ಡ ಪಾಲು.

ಉದಾಹರಣೆಗೆ ಹೂವಿನ ಚುಕ್ಕೆ 200, 40, 50 ಅನ್ನಿ. ಗುಣಿಸಿದರೆ 59.8, 23.5, 5.7. ಕೂಡಿದರೆ 89. ಎಲೆಯ ಚುಕ್ಕೆ 70, 105, 45 ಅನ್ನಿ. ಗುಣಿಸಿದರೆ 20.9, 61.6, 5.1. ಕೂಡಿದರೆ 88. ಎರಡು ಬೂದುಗಳ ನಡುವೆ ಒಂದೇ ಅಂಕಿ ವ್ಯತ್ಯಾಸ! ಇಷ್ಟಾದ ಮೇಲೆ ಕಾಂಟ್ರಾಸ್ಟ್ ಏರಿಸಿ ಏನು ಪ್ರಯೋಜನ? ಅದು 88 ಮತ್ತು 89 ಎರಡನ್ನೂ ಒಟ್ಟಿಗೇ ಎಳೆದುಕೊಂಡು ಹೋಗುತ್ತದೆ.

ಈಗ ಕೆಂಪು ಅಂಕಿಯನ್ನಷ್ಟೇ ತೆಗೆದುಕೊಳ್ಳಿ. ಹೂವಿಗೆ 200, ಎಲೆಗೆ 70. ಹೂ ಬೆಳ್ಳಗೆ, ಎಲೆ ಕಪ್ಪಗೆ. ಹಸಿರು ಅಂಕಿಯನ್ನಷ್ಟೇ ತೆಗೆದುಕೊಂಡರೆ ಹೂವಿಗೆ 40, ಎಲೆಗೆ 105. ಪೂರ್ತಿ ಉಲ್ಟಾ. ಒಂದೇ ಫೈಲ್, ಎರಡು ಬೇರೆ ಫೋಟೋ. ಫಿಲ್ಮ್ ಕಾಲದಲ್ಲಿ ಲೆನ್ಸ್ ಮುಂದೆ ಬಣ್ಣದ ಫಿಲ್ಟರ್ ಹಾಕುತ್ತಿದ್ದದ್ದೂ ಇದಕ್ಕೇ. ಫಿಲ್ಟರ್ ತನ್ನ ಬಣ್ಣವನ್ನು ತಿಳಿಯಾಗಿಸುತ್ತದೆ, ಎದುರು ಬಣ್ಣವನ್ನು ಗಾಢವಾಗಿಸುತ್ತದೆ. ಈಗ ಆ ಕೆಲಸ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಬಣ್ಣದ ಬೂದನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಸ್ಲೈಡರ್‌ಗಳದ್ದು.

ನನಗೆ ತುಂಬ ಇಷ್ಟವಾದ ಉಪಾಯ: ಎಲೆ ತಿಳಿಯಾಗಬೇಕಾದರೆ ಹಸಿರು ಸ್ಲೈಡರ್ ಬಿಟ್ಟು ಮೊದಲು ಹಳದಿ ಸ್ಲೈಡರ್ ಎಳೆಯಿರಿ. ಮೇಲಿನ ಎಲೆಯ ಅಂಕಿಗಳನ್ನೇ ನೋಡಿ, ನೀಲಿಗಿಂತ ಕೆಂಪು ಜಾಸ್ತಿ ಇದೆ ಅಲ್ವಾ? ಅಂದರೆ ಅದು ಶುದ್ಧ ಹಸಿರಲ್ಲ, ಹಳದಿಗೂ ಹಸಿರಿಗೂ ನಡುವಿನ ಬಣ್ಣ. ಚಿಗುರೆಲೆಯಂತೂ ಹಳದಿಗೇ ಹತ್ತಿರ. ಚಿಗುರನ್ನು ಬೆಳಗಿಸಿ ಹಳೆಯ ಎಲೆಯನ್ನು ಕತ್ತಲಲ್ಲಿ ಬಿಡಬೇಕಾದರೆ ಹಳದಿ ಮೇಲಕ್ಕೆ, ಹಸಿರು ಕೆಳಕ್ಕೆ. ಯಾವ ಸ್ಲೈಡರನ್ನೂ ತುದಿಯವರೆಗೆ ಎಳೆಯಬೇಡಿ. ಎಲೆಯಂಚಿನಲ್ಲಿ ಬಿಳಿಗೆರೆ ಬರುತ್ತದೆ, ನೆರಳಲ್ಲಿ ಕಾಳುಕಾಳು ಎದ್ದು ಕಾಣುತ್ತದೆ.

ಬೆಳಕು

ಹೂವೂ ಎಲೆಯೂ ಒಂದೇ ಬಣ್ಣವಾದರೆ ಸ್ಲೈಡರ್ ಕೈಕೊಡುತ್ತದೆ. ಆಗ ಬೆಳಕೇ ಗತಿ. ಜರಿಗಿಡದ ಮೇಲೆ ಜರಿಗಿಡ ಇದ್ದರೆ ಹಿಂದಿನದಕ್ಕೆ ನೆರಳು ಮಾಡಿ, ಇಲ್ಲವೇ ಹಿಂದೆ ಕಪ್ಪು ಬಟ್ಟೆ ಹಿಡಿಯಿರಿ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದ ಫೋಟೋ ನೋಡಿ. ಆಲಿಕೆಯ ಒಳಮೈಯಿಂದ ಬೆಳಕು ಸುತ್ತಲೂ ಚಿಮ್ಮಿ ಕಾಯಿಯ ಉಬ್ಬುತಗ್ಗೆಲ್ಲ ಎದ್ದು ನಿಂತಿದೆ. ಬೆಳಕನ್ನು ಹಾಗೆ ಚಿಮ್ಮಿಸಲು ನಮಗೆ ಒಂದು ಬಿಳಿ ಕಾಗದ ಸಾಕು.

ಮೋಡದ ದಿನ ಒಳ್ಳೆಯದು. ಆದರೂ ದಪ್ಪ ಎಲೆ ಹೊಳೆಯುತ್ತದೆ, ಆ ಹೊಳಪು ಬಿಳಿ ಮಚ್ಚೆಯಾಗಿ ಕೂರುತ್ತದೆ. ಲೆನ್ಸ್ ಮುಂದೆ ಪೋಲರೈಸರ್ (ಹೊಳಪು ತಡೆಯುವ ಫಿಲ್ಟರ್) ಹಾಕಿ ತಿರುಗಿಸಿದರೆ ಬಹುಪಾಲು ಹೋಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹೂ ಇದ್ದರೆ ಎಕ್ಸ್‌ಪೋಷರ್ ಇಳಿಸಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದಿಗೆ ತರಲು ಹೋಗಿ ಹೂವನ್ನು ಸುಟ್ಟುಬಿಡುತ್ತದೆ.

ಫೋಕಸ್ ಎಷ್ಟು ತೆಳು ಅಂದರೆ

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಹೂ ತನ್ನ ನಿಜ ಗಾತ್ರದಷ್ಟೇ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ ಅಪರ್ಚರ್ ಎಫ್ 8ರಲ್ಲಿ ಸುಮಾರು 1 ಮಿಲಿಮೀಟರ್ ಮಾತ್ರ ಚೂಪಾಗಿರುತ್ತದೆ. ಅರ್ಧ ಗಾತ್ರಕ್ಕೆ ಹಿಂದೆ ಸರಿದರೆ ಸುಮಾರು 3 ಮಿಲಿಮೀಟರ್. ಎಫ್ 16ಕ್ಕೆ ಹೋದರೆ ಹೆಚ್ಚುತ್ತದೆ ನಿಜ, ಆದರೆ ಅಷ್ಟು ಹತ್ತಿರದಲ್ಲಿ ಅದು ಎಫ್ 32ರಂತೆ ವರ್ತಿಸಿ ಚಿತ್ರವೆಲ್ಲ ಮೆತ್ತಗಾಗುತ್ತದೆ. ಆದ್ದರಿಂದ ಸ್ವಲ್ಪ ಹಿಂದೆ ಸರಿಯಿರಿ. ಸೆನ್ಸರ್ ಎಲೆಗೆ ಸಮಾನಾಂತರವಾಗಿ ಇರಲಿ. ಗಾಳಿ ಇದ್ದರೆ ಟ್ರೈಪಾಡ್ ಸುಮ್ನೆ ಭಾರ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಶಟರ್ ವೇಗ ಹೆಚ್ಚಿಸಿ. ಕಪ್ಪುಬಿಳುಪಿನಲ್ಲಿ ಕಾಳು ಸ್ವಲ್ಪ ಜಾಸ್ತಿಯಾದರೂ ಬಣ್ಣದ ಫೋಟೋದಷ್ಟು ಕಣ್ಣಿಗೆ ಚುಚ್ಚುವುದಿಲ್ಲ.