ಫೋನಿಗೆ ಸರ್ಟಿಫಿಕೇಟ್ ಕೊಡುವವರು ಯಾರು?

ಮೇಜಿನ ಮೇಲೆ ಸುಮ್ನೆ ಇಟ್ಟ ಫೋನು ಸುಮ್ನೆ ಇರುವುದಿಲ್ಲ. 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಾಸ್ ಲೀತ್ ಇದನ್ನು ಅಳೆದು ನೋಡಿದರು. ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, ಯಾರೂ ಮುಟ್ಟದಿದ್ದರೂ ಸರಾಸರಿ 4.5 ನಿಮಿಷಕ್ಕೊಮ್ಮೆ ತಂತಮ್ಮ ಕಂಪನಿಯ ಸರ್ವರ್‌ಗೆ ಏನಾದರೂ ಕಳಿಸುತ್ತಿದ್ದವು. ಅದರಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಸಿಮ್ ವಿವರವೂ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಬೇಡ ಅಂದರೂ ನಿಲ್ಲಲಿಲ್ಲ.

ಇದಕ್ಕೆ ಪರ್ಯಾಯ ಇಲ್ಲ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಇದೆ. ಆಂಡ್ರಾಯ್ಡ್‌ನ ಮೂಲ ಕೋಡ್ ಮುಕ್ತವಾಗಿದೆ. ಅದನ್ನು ತೆಗೆದುಕೊಂಡು ಲಿನೇಜ್‌ಓಎಸ್, ಗ್ರಾಫೀನ್‌ಓಎಸ್ ಥರದ ಬೇರೆ ಓಎಸ್, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ, ಕಟ್ಟಿದವರಿದ್ದಾರೆ. ಮಾಮೂಲಿ ಫೋನಿನಲ್ಲಿ ಗೂಗಲ್ ಪ್ಲೇ ಸರ್ವಿಸಸ್ ಅನ್ನುವುದು ಮನೆಯ ಎಲ್ಲ ಕೋಣೆಗಳ ಬೀಗದ ಕೈ ಇಟ್ಟುಕೊಂಡ ನೆಂಟನಂತೆ. ಗ್ರಾಫೀನ್‌ನಲ್ಲಿ ಅದೂ ಒಂದು ಸಾದಾ ಆ್ಯಪ್ ಅಷ್ಟೇ, ಲೊಕೇಶನ್ ಬೇಕಿದ್ದರೆ ನಿಮ್ಮನ್ನು ಕೇಳಬೇಕು. ಯಾವುದೋ ಆ್ಯಪ್ ಕಾಂಟ್ಯಾಕ್ಟ್ಸ್ ಕೊಡದೆ ಮುಂದೆ ಹೋಗಲ್ಲ ಅಂತ ಹಟ ಹಿಡಿದರೆ, ನೀವು ಆರಿಸಿದ ಇಬ್ಬರ ನಂಬರನ್ನಷ್ಟೇ ತೋರಿಸಬಹುದು. ಇರುವುದೇ ಇಷ್ಟು ಅಂದುಕೊಂಡು ಅದು ಕೆಲಸ ಮಾಡುತ್ತದೆ. ನನಗಂತೂ ಬಹಳ ಹಿಡಿಸಿದ್ದು ಇದೇ.

ಹಾಗಾದರೆ ಎಲ್ಲರೂ ಯಾಕೆ ಬಳಸುತ್ತಿಲ್ಲ? ಒಂದು, ಗ್ರಾಫೀನ್ ಇಷ್ಟು ವರ್ಷ ನಡೆದಿದ್ದು ಗೂಗಲ್‌ನದೇ ಪಿಕ್ಸೆಲ್ ಫೋನುಗಳಲ್ಲಿ, ಅವೇನು ಅಗ್ಗವಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಬ್ಯಾಂಕ್ ಆ್ಯಪ್.

ಫೋನ್ ಆನ್ ಆಗುವಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ ಆದ ಬೂಟ್‌ಲೋಡರ್ ಓಎಸ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ. ಪಿಕ್ಸೆಲ್‌ನಲ್ಲಿ ಬೇರೆ ಓಎಸ್ ಹಾಕಿ, ಅದರ ಸಹಿಯನ್ನು ಪರೀಕ್ಷಿಸುವ ಕೀಲಿಯನ್ನು ದಾಖಲಿಸಿ, ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬಹುದು. ಆಮೇಲೆ ಯಾವ ಕೀಲಿಯ ಓಎಸ್ ಓಡುತ್ತಿದೆ, ಲಾಕ್ ಆಗಿದೆಯೇ ಎಂಬುದನ್ನು ಫೋನಿನ ಸೆಕ್ಯುರಿಟಿ ಚಿಪ್ಪೇ ಸಹಿ ಹಾಕಿ ಹೇಳುತ್ತದೆ. ಇದಕ್ಕೇ ಹಾರ್ಡ್‌ವೇರ್ ಅಟೆಸ್ಟೇಶನ್ ಅನ್ನುತ್ತಾರೆ. ಇದನ್ನು ಯಾವ ಬ್ಯಾಂಕ್ ಬೇಕಾದರೂ ಓದಿ ನೋಡಬಹುದು. ಆದರೆ ಅನೇಕ ಆ್ಯಪ್‌ಗಳು ಇದನ್ನು ಬಿಟ್ಟು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ಸೇವೆಯನ್ನು ಕೇಳುತ್ತವೆ, ಅದು ಗೂಗಲ್ ಒಪ್ಪಿದ ಓಎಸ್‌ಗೆ ಮಾತ್ರ ಪೂರ್ತಿ ಪಾಸ್ ಕೊಡುತ್ತದೆ. ವರ್ಷಗಟ್ಟಲೆ ಸೆಕ್ಯುರಿಟಿ ಪ್ಯಾಚ್ ಕಾಣದ ಹಳೇ ಫೋನು ಅದರ ಡಿವೈಸ್ ಮಟ್ಟದ ಪರೀಕ್ಷೆ ದಾಟಬಹುದು, ಮೊನ್ನೆಯಷ್ಟೇ ಪ್ಯಾಚ್ ಆದ ಗ್ರಾಫೀನ್ ಫೋನು ದಾಟುವುದಿಲ್ಲ. ಇದು ಸುರಕ್ಷತೆಯ ಪರೀಕ್ಷೆ ಹೇಗಾಗುತ್ತದೆ? ತರಕಾರಿ ಗಾಡಿಯ ಮುಂದೆಯೂ ಯುಪಿಐ ಕ್ಯೂಆರ್ ನೇತಾಡುವ ನಮ್ಮ ಊರುಗಳಲ್ಲಿ, ಬ್ಯಾಂಕ್ ಆ್ಯಪ್ ತೆರೆಯದ ಫೋನನ್ನು ಯಾರು ಇಟ್ಟುಕೊಳ್ಳುತ್ತಾರೆ, ಅಲ್ವಾ?

ಗೂಗಲ್ ಕಡೆಯಿಂದಲೂ ಬಾಗಿಲು ಕಿರಿದಾಗುತ್ತಿದೆ. 2025ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್‌ನ ಕೆಲಸವನ್ನೆಲ್ಲ ಒಳಗೇ ಮಾಡಿ, ಆಮೇಲೆ ಕೋಡ್ ಬಿಡುತ್ತೇವೆ ಅಂದರು. ಜೂನ್‌ನಲ್ಲಿ ಆಂಡ್ರಾಯ್ಡ್ 16ರ ಕೋಡ್ ಬಂತು, ಪಿಕ್ಸೆಲ್‌ಗೆ ಹೊಂದಿಸಲು ಬೇಕಾದ ಫೈಲುಗಳು ಬರಲಿಲ್ಲ. ಹೊರಗಿನ ಡೆವಲಪರ್‌ಗಳು ಅದನ್ನೆಲ್ಲ ತಾವೇ ಕೆದಕಿ ಕಟ್ಟಿಕೊಳ್ಳಬೇಕಾಯಿತು.

ಪೋಸ್ಟ್‌ಮಾರ್ಕೆಟ್‌ಓಎಸ್ ಥರದ ಅಪ್ಪಟ ಲಿನಕ್ಸ್ ಓಎಸ್ ಓಡುವ, ಆಂಡ್ರಾಯ್ಡ್ ಅಲ್ಲದ ಫೋನುಗಳೂ ಇವೆ. ಅವನ್ನು ದಿನನಿತ್ಯ ಬಳಸುವುದು ಇನ್ನೂ ಕಷ್ಟ.

ಹಾಗಾಗಿ ನನ್ನ ಕಣ್ಣು ಬ್ಯಾಂಕುಗಳ ಮೇಲಿದೆ. ಗ್ರಾಫೀನ್ ತಂಡ ತನ್ನ ಕೀಲಿಗಳ ಪಟ್ಟಿಯನ್ನು ಬಹಿರಂಗವಾಗಿಯೇ ಇಟ್ಟಿದೆ. ಬ್ಯಾಂಕು ಚಿಪ್ಪಿನ ಸಹಿಯನ್ನು ಓದಿ, ಆ ಪಟ್ಟಿಯನ್ನು ಒಪ್ಪಿಕೊಂಡರೆ ಸಾಕು. ನಿಮ್ಮ ಬ್ಯಾಂಕ್ ಆ್ಯಪ್ ಇಂಥ ಫೋನಿನಲ್ಲಿ ತೆರೆಯದಿದ್ದರೆ ಗ್ರಾಹಕ ಸೇವೆಗೆ ಬರೆಯಿರಿ, 'ಆಂಡ್ರಾಯ್ಡ್ ಹಾರ್ಡ್‌ವೇರ್ ಅಟೆಸ್ಟೇಶನ್ ಬಳಸಿ' ಅಂತ ಅದೇ ಹೆಸರು ಹಿಡಿದು ಕೇಳಿ.