ಡಿಸೈನ್ ಓದಿ ಆಸ್ಪತ್ರೆ ಸೇರಿದ ಹುಡುಗಿ

ಕಾಪುವಿನಿಂದ ಒಬ್ಬ ತಂದೆ ಬಂದಿದ್ದರು. "ಮಗಳಿಗೆ ನಾಲ್ಕು ವರ್ಷ ಇಂಡಸ್ಟ್ರಿಯಲ್ ಡಿಸೈನ್ ಓದಿಸಿದೆ. ಈಗ ಆಸ್ಪತ್ರೆಯ ಆಫೀಸಿನಲ್ಲಿದ್ದಾಳೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ ಮಾರಾಯ್ರೆ?"

ಉಡುಪಿಯಲ್ಲಿ ಈ ಡಿಸೈನ್, ಅಂದರೆ ಜನ ಬಳಸುವ ವಸ್ತುಗಳನ್ನು ರೂಪಿಸುವ ವಿದ್ಯೆ, ಕಲಿಸುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಎಂಜಿನಿಯರಿಂಗ್ ಮುಗಿಸಿದವನು ಬ್ಯಾಂಕ್ ಸೇರಿದರೆ ಸಿಹಿ ಹಂಚುತ್ತೀರಿ. ಡಿಸೈನ್ ಓದಿದವಳು ಮಾತ್ರ ಜೀವನವಿಡೀ ಕುರ್ಚಿಯ ಚಿತ್ರವನ್ನೇ ಬಿಡಿಸಬೇಕಾ?

ಚಿತ್ರ ಬರಬೇಕು, ನಿಜ. ಆದರೆ ನಾವು ಮೊದಲು ಕಲಿಸುವುದು ನೋಡುವುದನ್ನು. 1958ರಲ್ಲಿ ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಿಂದಲೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಹುಟ್ಟಿತು. ಆ ವರದಿಯಲ್ಲಿ ಅವರು ತುಂಬಾ ಮೆಚ್ಚಿ ಬರೆದದ್ದು ಲೋಟಾ ಬಗ್ಗೆ, ಅಂದರೆ ನಮ್ಮ ತಂಬಿಗೆಯ ಬಗ್ಗೆ. ಎಷ್ಟು ನೀರು ಹಿಡಿಯಬೇಕು? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ? ತುಂಬಿದಾಗ ಭಾರ ಎಲ್ಲಿರುತ್ತದೆ, ಖಾಲಿಯಾದಾಗ ಎಲ್ಲಿ? ತೊಳೆಯುವಾಗ ನೀರು ಹೇಗೆ ಹರಿಯುತ್ತದೆ? ಹೀಗೆ ಸಾಗುತ್ತವೆ ಅವರ ಪ್ರಶ್ನೆಗಳು. ಇದೇ ಥರ ಮಲ್ಪೆ ದಕ್ಕೆಯ ಮೀನಿನ ಬುಟ್ಟಿಯ ಬಗ್ಗೆಯೂ ಕೇಳಬಹುದು, ಆಸ್ಪತ್ರೆಯ ಕೌಂಟರ್ ಬಗ್ಗೆಯೂ ಕೇಳಬಹುದು.

ಕಾಪುವಿನ ಆ ಹುಡುಗಿ ಮಾಡಿದ್ದು ಅದನ್ನೇ. ಕೆಲಸಕ್ಕೆ ಸೇರಿದ ಮೇಲೆ ಎರಡು ದಿನ ಔಷಧಿ ಕೌಂಟರ್ ಪಕ್ಕ ಸುಮ್ನೆ ಕೂತಳು. ವಯಸ್ಸಾದವರು ಮಾತ್ರೆ ತೆಗೆದುಕೊಂಡು ಗೇಟಿನವರೆಗೆ ಹೋಗಿ, ಯಾವುದು ಯಾವಾಗ ಅಂತ ಕೇಳಲು ವಾಪಸ್ ಬರುತ್ತಿದ್ದರು. ಅವಳು ಲಕೋಟೆಗಳ ಮೇಲೆ ಪೆನ್ನಿನಲ್ಲೇ ಸೂರ್ಯ, ಚಂದ್ರ ಬಿಡಿಸಿ ಹತ್ತು ಜನರಿಗೆ ತೋರಿಸಿದಳು. ಸರಿಹೋಗಲಿಲ್ಲ. ಬೆಳಗಿನ ಸೂರ್ಯ ಯಾವುದು, ಮಧ್ಯಾಹ್ನದ್ದು ಯಾವುದು ಅಂತ ಅವರಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನಕ್ಕೆ ಊಟದ ಬಟ್ಟಲು ಬಿಡಿಸಿದಳು. ಥಟ್ಟನೆ ಗೊತ್ತಾಯಿತು. ಸಾವಿರಗಟ್ಟಲೆ ಅಚ್ಚು ಹಾಕಿಸಿದ ಮೇಲೆ ತಿಳಿಯಬೇಕಿದ್ದ ತಪ್ಪು ಹತ್ತು ಲಕೋಟೆಯಲ್ಲೇ ಸಿಕ್ಕಿತು. ಔಷಧಿಯ ವಿಷಯವಾದ್ದರಿಂದ ಫಾರ್ಮಸಿಸ್ಟ್ ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಲೂಬಾರದು.

ಈ ಓದು ಎಲ್ಲ ಮಕ್ಕಳಿಗೂ ಒಗ್ಗುತ್ತದೆ ಅಂತ ನಾನು ಹೇಳಲಾರೆ. ಎಷ್ಟೋ ಕಡೆ ಫೀಸು ಜಾಸ್ತಿ. ಬೇರೆ ಕ್ಷೇತ್ರದವರು ಮೊದಲಿಗೆ ಡಿಗ್ರಿಯ ಹೆಸರು ನೋಡಿ ಹಿಂಜರಿಯಬಹುದು. ಸಾಲ ಮಾಡುವ ಮುಂಚೆ ಕೂತು ಲೆಕ್ಕ ಹಾಕಿ.

ಆ ತಂದೆಗೆ, ಮಗಳ ಕೌಂಟರ್ ಹತ್ತಿರ ಅರ್ಧ ಗಂಟೆ ನಿಂತು ಬನ್ನಿ ಅಂದೆ. ಮರುವಾರ ಫೋನ್ ಮಾಡಿದರು. "ಒಬ್ಬರು ಅಜ್ಜಿ ಖಾಲಿ ಲಕೋಟೆ ಹಿಡ್ಕೊಂಡು ಬಂದಿದ್ರು. ಬಟ್ಟಲಿನ ಮಾತ್ರೆ ಮುಗೀತು, ಇನ್ನೊಂದಿಷ್ಟು ಕೊಡಿ ಅಂದ್ರು."