ಪೆಪ್ಪರ್‌ಮೆಂಟಿನ ಸಕ್ಕರೆ ಯಾವ ದೇಶದ್ದು?

2018ರಲ್ಲಿ ಪೂರ್ವ ಆಫ್ರಿಕದಲ್ಲಿ ಮಿಠಾಯಿಯ ವಿಷಯಕ್ಕೆ ಒಂದು ಜಗಳ ಶುರುವಾಯಿತು. ಕೀನ್ಯಾದಲ್ಲಿ ತಯಾರಾದ ಚಾಕೊಲೇಟ್, ಪೆಪ್ಪರ್‌ಮೆಂಟು, ಚೂಯಿಂಗ್ ಗಮ್, ಐಸ್‌ಕ್ರೀಮುಗಳ ಮೇಲೆ ಟಾಂಜಾನಿಯಾ ಮತ್ತು ಉಗಾಂಡಾ 25% ಸುಂಕ ಹಾಕಿದವು. ವಿಚಿತ್ರ ಏನೆಂದರೆ ಮೂರೂ ದೇಶಗಳು ಒಂದೇ ಸುಂಕ ಒಕ್ಕೂಟದಲ್ಲಿವೆ. ಒಬ್ಬರ ಸರಕು ಇನ್ನೊಬ್ಬರಲ್ಲಿಗೆ ಸುಂಕವಿಲ್ಲದೆ ಹೋಗಬೇಕು ಅಂತಲೇ ಆ ಒಕ್ಕೂಟ ಕಟ್ಟಿದ್ದು.

ತಕರಾರು ಇದ್ದದ್ದು ಮಿಠಾಯಿಯ ಬಗ್ಗೆ ಅಲ್ಲ, ಅದರೊಳಗಿನ ಸಕ್ಕರೆಯ ಬಗ್ಗೆ. ಗಾಜಿನಂತೆ ಹೊಳೆಯುವ ಪೆಪ್ಪರ್‌ಮೆಂಟಿಗೆ, ತಿಳಿಯಾದ ಸೋಡಾಕ್ಕೆ ಅಡುಗೆಮನೆಯ ಸಕ್ಕರೆ ಸಾಲದು. ಅದರಲ್ಲಿ ಸ್ವಲ್ಪ ಬಣ್ಣ, ಸ್ವಲ್ಪ ಕಶ್ಮಲ ಉಳಿದಿರುತ್ತದೆ. ಪಾಕ ಕಾಯಿಸಿದಾಗ ಅದು ಎದ್ದು ಕಾಣುತ್ತದೆ. ಹಾಗಾಗಿ ಕಾರ್ಖಾನೆಗಳಿಗೆ ಚೆನ್ನಾಗಿ ಶುದ್ಧಿ ಮಾಡಿದ ಸಕ್ಕರೆಯೇ ಬೇಕು. ಅಲ್ಲಿನವರು ಅದನ್ನು ಕೈಗಾರಿಕಾ ಸಕ್ಕರೆ ಅಂತಲೇ ಕರೆಯುತ್ತಾರೆ. ಅದು ಹೆಚ್ಚಾಗಿ ಹಡಗಿನಲ್ಲಿ ಕೀನ್ಯಾದ ಮೊಂಬಾಸಾ ಬಂದರಿಗೆ ಬಂದು ಇಳಿಯುತ್ತದೆ. ಕೀನ್ಯಾ ತನ್ನ ಕಾರ್ಖಾನೆಗಳಿಗೆ ಈ ಸಕ್ಕರೆಯ ಮೇಲಿನ ಸುಂಕದಲ್ಲಿ ರಿಯಾಯಿತಿ ಕೊಟ್ಟಿತ್ತು. ‘ಕಡಿಮೆ ಸುಂಕದ ಸಕ್ಕರೆ ಹಾಕಿ ಮಾಡಿದ ಮಿಠಾಯಿ ನಮ್ಮ ಮಾರುಕಟ್ಟೆಗೆ ಬಂದರೆ ನಮ್ಮ ತಯಾರಕರ ಗತಿ ಏನು?’ ಇದು ನೆರೆಯವರ ವಾದ. ತಳ್ಳಿಹಾಕುವ ಮಾತಲ್ಲ, ಅಲ್ವಾ?

ಈ ಸಿಟ್ಟಿಗೆ ಒಂದು ಶತಮಾನದ ಬೇರಿದೆ. ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಡದವರೆಗೆ ಹಾಕಿದ ರೈಲು ಹಳಿ 1901ರಲ್ಲಿ ಮುಗಿಯಿತು. ಹಳಿ ಹಾಕಲು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದಿದ್ದರು. ದಾರಿಯಲ್ಲಿ ರೈಲಿನ ಡಿಪೋ ಆಗಿ ಹುಟ್ಟಿದ ಊರು ನೈರೋಬಿ, ಇವತ್ತಿನ ಕೀನ್ಯಾದ ರಾಜಧಾನಿ. ಬಂದರು, ರೈಲು, ಬಿಳಿಯರ ಬಂಡವಾಳ ಎಲ್ಲ ಅಲ್ಲೇ ಸೇರಿದ್ದರಿಂದ ಕಾರ್ಖಾನೆಗಳೂ ಅಲ್ಲೇ ಬೆಳೆದವು. 1917ರಲ್ಲಿ ಕೀನ್ಯಾ ಮತ್ತು ಉಗಾಂಡಾ ಸುಂಕದ ಮಟ್ಟಿಗೆ ಒಂದಾದವು. ಹತ್ತು ವರ್ಷದಲ್ಲಿ ಟಾಂಗಾನಿಕಾ, ಅಂದರೆ ಇವತ್ತಿನ ಟಾಂಜಾನಿಯಾದ ಮುಖ್ಯಭೂಮಿಯೂ ಸೇರಿಕೊಂಡಿತು. ಆದರೆ ಲಾಭ ಮಾತ್ರ ಜಾಸ್ತಿ ನೈರೋಬಿ ಕಡೆಗೇ ಹರಿಯಿತು.

ಸ್ವಾತಂತ್ರ್ಯ ಬಂದ ಮೇಲೆ 1967ರಲ್ಲಿ ಮೂರೂ ದೇಶ ಪೂರ್ವ ಆಫ್ರಿಕ ಸಮುದಾಯ ಕಟ್ಟಿದವು. ಒಂದೇ ರೈಲ್ವೆ, ಒಂದೇ ವಿಮಾನ ಕಂಪನಿ, ಒಂದೇ ಅಂಚೆ ವ್ಯವಸ್ಥೆ. ಕೇಳಲು ಚೆಂದ. ಆದರೆ ಅದೇ ಒಪ್ಪಂದದೊಳಗೆ ‘ವರ್ಗಾವಣೆ ತೆರಿಗೆ’ ಅಂತ ಒಂದು ಕಲಮು ಸೇರಿಸಿದ್ದರು. ಕೈಗಾರಿಕೆಯಲ್ಲಿ ಹಿಂದೆ ಬಿದ್ದ ದೇಶ, ಮುಂದಿರುವ ಜೊತೆಗಾರನ ಸರಕಿನ ಮೇಲೆ ಒಂದಷ್ಟು ತೆರಿಗೆ ಹಾಕಬಹುದು ಅಂತ. ಕೀನ್ಯಾದ ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಮದುವೆಯ ದಿನವೇ ಪಾಲು ಪಟ್ಟಿ ಬರೆದಿಟ್ಟ ಹಾಗೆ.

1971ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಅಧಿಕಾರ ಹಿಡಿದ. ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಅವನ ಜೊತೆ ಸಮುದಾಯದ ಸಭೆಯಲ್ಲಿ ಕೂರಲು ಒಪ್ಪಲಿಲ್ಲ. 1972ರಲ್ಲಿ ಅಮೀನ್ ಏಷ್ಯನ್ನರನ್ನು ದೇಶದಿಂದ ಓಡಿಸಿದ. ಕಾಕಿರಾ, ಲುಗಾಜಿಯ ದೊಡ್ಡ ಸಕ್ಕರೆ ಕಾರ್ಖಾನೆಗಳು ಗುಜರಾತಿ ಮೂಲದ ಮಾಧ್ವಾನಿ ಮತ್ತು ಮೆಹ್ತಾ ಕುಟುಂಬಗಳವು. ಅವರೂ ಹೋದರು, ಸಕ್ಕರೆಯೂ ಹೋಯಿತು. 1977ರಲ್ಲಿ ಸಮುದಾಯವೇ ಮುರಿದುಬಿತ್ತು. ಟಾಂಜಾನಿಯಾ ಕೀನ್ಯಾದ ಕಡೆಯ ಗಡಿ ಮುಚ್ಚಿತು. ಮತ್ತೆ ತೆರೆದದ್ದು 1983ರಲ್ಲಿ. ಟಾಂಜಾನಿಯಾವನ್ನೇ ನಂಬಿದ್ದ ನೈರೋಬಿಯ ಕಾರ್ಖಾನೆಗೆ ಆರು ವರ್ಷ ಆ ಮಾರುಕಟ್ಟೆಯೇ ಇಲ್ಲ.

ಹೀಗಾಗಿ 2000ದಲ್ಲಿ ಸಮುದಾಯ ಮತ್ತೆ ಹುಟ್ಟಿದಾಗ ಹಳೆಯ ಭಯವೂ ಜೊತೆಗೇ ಬಂತು. 2005ರಲ್ಲಿ ಸುಂಕ ಒಕ್ಕೂಟ ಶುರುವಾಯಿತು. ಆದರೆ ಕೀನ್ಯಾದ ಕೆಲವು ಸರಕಿನ ಮೇಲಿನ ಸುಂಕವನ್ನು ನೆರೆಯವರು ಒಮ್ಮೆಗೇ ತೆಗೆಯಲಿಲ್ಲ. ಐದು ವರ್ಷದಲ್ಲಿ ಹಂತ ಹಂತವಾಗಿ ಇಳಿಸಿ 2010ಕ್ಕೆ ಸೊನ್ನೆ ಮಾಡಿದರು.

ಸುಂಕ ಸೊನ್ನೆ ಆದರೆ ತಡೆ ಮುಗಿಯಿತಾ? ಇಲ್ಲ. ಅದು ಕಾಗದದೊಳಗೆ ಹೋಗಿ ಕೂತಿತು. ಸರಕು ‘ನಮ್ಮದು’ ಅಂತ ಸಾಬೀತು ಮಾಡಲು ‘ಮೂಲದ ಪ್ರಮಾಣಪತ್ರ’, ಅಂದರೆ ಅದು ಯಾವ ದೇಶದ್ದು ಅಂತ ಹೇಳುವ ಕಾಗದ ಬೇಕು. ಕಚ್ಚಾವಸ್ತು ಎಲ್ಲಿಂದ ಬಂತು, ಎಷ್ಟು ಪಾಲು ಇಲ್ಲಿ ತಯಾರಾಯಿತು, ಎಲ್ಲ ತೋರಿಸಬೇಕು. ಜೊತೆಗೆ ಗುಣಮಟ್ಟದ ಪರೀಕ್ಷೆ, ಆರೋಗ್ಯ ಪರವಾನಗಿ, ಲಾರಿಯ ತೂಕ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಯಾವುದನ್ನು ಬೇಕಾದರೂ ಬಾಗಿಲ ಅಗುಳಿಯಾಗಿ ಬಳಸಬಹುದು. 2020ರ ಆಸುಪಾಸಿನಲ್ಲಿ ಕೀನ್ಯಾ ಉಗಾಂಡಾದ ಹಾಲನ್ನು ತಡೆಯಿತು. 2021ರ ಮಾರ್ಚಿನಲ್ಲಿ ವಿಷಕಾರಿ ಬೂಷ್ಟಿನ ಕಾರಣ ಕೊಟ್ಟು ಉಗಾಂಡಾ, ಟಾಂಜಾನಿಯಾದ ಮೆಕ್ಕೆಜೋಳವನ್ನೂ ತಡೆಯಿತು. ಮಿಠಾಯಿ ಜಗಳದಲ್ಲಿ ನೊಂದವರೇ ಇಲ್ಲಿ ಬಾಗಿಲು ಹಾಕಿದವರು.

ಕಾಗದದ ಭಾರ ಎಷ್ಟು ಅಂತ ತಿಳಿಯಲು ಸ್ವಲ್ಪ ದಕ್ಷಿಣಕ್ಕೆ ಹೋಗಬೇಕು. ದಕ್ಷಿಣ ಆಫ್ರಿಕದ ಸೂಪರ್‌ಮಾರ್ಕೆಟ್ ಕಂಪನಿ ಶಾಪ್‌ರೈಟ್‌ನ ಲೆಕ್ಕವನ್ನು ವಿಶ್ವಬ್ಯಾಂಕ್ 2012ರ ವರದಿಯಲ್ಲಿ ಕೊಟ್ಟಿದೆ. ಜಾಂಬಿಯಾದ ಅಂಗಡಿಗಳಿಗೆ ಮಾಂಸ, ಹಾಲು, ತರಕಾರಿಯಂಥ ಸರಕು ಕಳಿಸಲು ಆಮದು ಪರವಾನಗಿಗೇ ವಾರಕ್ಕೆ 20,000 ಡಾಲರ್. ಗಡಿ ದಾಟುವ ಒಂದು ಲಾರಿಯ ಜೊತೆ 1,600ರವರೆಗೆ ದಾಖಲೆಗಳು. ಲಾರಿಗೆ ಡ್ರೈವರ್ ಒಬ್ಬ ಸಾಕು, ಕಾಗದ ಹೊರಲು ಇನ್ನೊಬ್ಬ ಬೇಕೇನೋ.

ಹಾಗಂತ ಎಲ್ಲ ಕೆಟ್ಟಿದೆ ಅನ್ನುವುದು ಸುಳ್ಳು. 2009ರಲ್ಲಿ ಜಾಂಬಿಯಾ–ಜಿಂಬಾಬ್ವೆ ಗಡಿಯ ಚಿರುಂಡುವಿನಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಕಡೆ ಕೂತು ತಪಾಸಣೆ ಮಾಡುವ ಠಾಣೆ ಬಂತು. ದಿನಗಟ್ಟಲೆ ನಿಲ್ಲುತ್ತಿದ್ದ ಲಾರಿಗಳು ಬೇಗ ಹೊರಟವು. ಮೊಂಬಾಸಾದಲ್ಲಿ 2014ರಿಂದ ಉಗಾಂಡಾದ ಸುಂಕವನ್ನು ಬಂದರಿನಲ್ಲೇ ಕಟ್ಟಿಸಿಕೊಳ್ಳುವ ಪದ್ಧತಿ ಬಂದ ಮೇಲೆ ಕಂಪಾಲಾಕ್ಕೆ ಸುಮಾರು 18 ದಿನ ಹಿಡಿಯುತ್ತಿದ್ದ ಸರಕು ನಾಲ್ಕೈದು ದಿನಕ್ಕೆ ತಲುಪತೊಡಗಿತು. ತಯಾರಕನಿಗೆ ಇದು ದೊಡ್ಡದು. ಲಾರಿ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಗೋದಾಮಿನಲ್ಲಿ ತಿಂಗಳಿಗಾಗುವಷ್ಟು ಕಚ್ಚಾವಸ್ತು ಸುಮ್ನೆ ಕೂಡಿಡಬೇಕು. ಅಷ್ಟೂ ದುಡ್ಡು ಮೂಟೆಯಲ್ಲೇ ಸಿಕ್ಕಿಕೊಂಡಿರುತ್ತದೆ.

2021ರ ಜನವರಿ 1ರಿಂದ ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದದಡಿ ವ್ಯಾಪಾರ ಶುರುವಾಗಿದೆ. ಅದರ ಕಚೇರಿ ಘಾನಾದ ಅಕ್ರಾದಲ್ಲಿದೆ. ಎರಿಟ್ರಿಯಾ ಬಿಟ್ಟು ಉಳಿದ 54 ದೇಶಗಳೂ ಸಹಿ ಹಾಕಿವೆ. 2022ರಲ್ಲಿ ಕೀನ್ಯಾದ ವಾಹನ ಬ್ಯಾಟರಿಗಳು ಇದರಡಿ ಘಾನಾಕ್ಕೆ ಹೋದವು. ಆದರೆ ಇಲ್ಲೂ ಗಂಟು ಬಿದ್ದದ್ದು ಅದೇ ಜಾಗದಲ್ಲಿ. ಒಂದು ಬಟ್ಟೆ, ಒಂದು ಕಾರು ಯಾವಾಗ ‘ಆಫ್ರಿಕದ್ದು’ ಅನ್ನಿಸಿಕೊಳ್ಳುತ್ತದೆ? ನೂಲು ಹೊರಗಿನದಾದರೆ ಅಂಗಿ ಯಾರದು? ಉಳಿದ ಬಹುಪಾಲು ಸರಕುಗಳು ಎಲ್ಲಿಯವು ಅಂತ ಗುರುತಿಸುವ ನಿಯಮ ತೀರ್ಮಾನವಾದ ಮೇಲೂ ಬಟ್ಟೆ ಮತ್ತು ವಾಹನಗಳದ್ದು ಎಳೆದಾಡುತ್ತಲೇ ಇತ್ತು.

ಮಿಠಾಯಿಯ ವಿಷಯಕ್ಕೆ ಬಂದರೆ, ಮೂರೂ ದೇಶದ ಅಧಿಕಾರಿಗಳು ಕಾರ್ಖಾನೆಗಳಿಗೆ ಹೋಗಿ ನೋಡಬೇಕಾಯಿತು. ಅಲ್ಲಿಗೂ ಪೂರ್ತಿ ನಿಶ್ಚಿಂತೆ ಇಲ್ಲ. ಹೊರಗಿನಿಂದ ಬರುವ ಸರಕಿಗೆ ಸಮುದಾಯದ ಸಾಮಾನ್ಯ ಸುಂಕಪಟ್ಟಿ ಒಂದೇ ಆದರೂ, ಯಾವ ದೇಶ ಯಾವ ವಸ್ತುವಿಗೆ ಬೇರೆ ದರ ಹಾಕುತ್ತದೆ, ಯಾರಿಗೆ ರಿಯಾಯಿತಿ ಅನ್ನುವ ಉದ್ದನೆಯ ಪಟ್ಟಿ ಪ್ರತಿ ವರ್ಷ ಸಮುದಾಯದ ಗೆಜೆಟ್ಟಿನಲ್ಲಿ ಬರುತ್ತದೆ. ಹೊಸ ದರ ಲೆಕ್ಕಕ್ಕೆ ಬರುವುದು ಜುಲೈ 1ರಿಂದ. ಪಟ್ಟಿ ಕೈಗೆ ಸಿಗುವುದು ಅದಕ್ಕೆ ಸ್ವಲ್ಪವೇ ಮುಂಚೆ. ಅಷ್ಟು ಹೊತ್ತಿಗೆ ಸಕ್ಕರೆಯ ಹಡಗು ಮೊಂಬಾಸಾದ ದಾರಿಯಲ್ಲಿರಬಹುದು.